ಒಂದೇ ಆಟ, ಎರಡು ಯಂತ್ರ

ಒಂದೇ ಬಾವಿಯ ನೀರನ್ನು ತಾಮ್ರದ ಕೊಡದಲ್ಲಿ ತಂದರೂ ಮಣ್ಣಿನ ಗಡಿಗೆಯಲ್ಲಿ ತಂದರೂ ನೀರು ನೀರೇ ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಗಡಿಗೆಗೆ ಹಿಡಿಸುವ ನೀರೆಷ್ಟು, ದಾರಿಯಲ್ಲಿ ತುಳುಕಿದ್ದೆಷ್ಟು, ಮನೆಗೆ ಮುಟ್ಟಿದ್ದೆಷ್ಟು ಎಂಬುದು ಹೊತ್ತು ತಂದವರಿಗೆ ಮಾತ್ರ ಗೊತ್ತು. ಪಾತ್ರೆಯೇ ಎಲ್ಲವೂ ಅಲ್ಲ; ಪಾತ್ರೆ ಏನೂ ಅಲ್ಲವೆಂಬುದೂ ಸರಿಯಲ್ಲ. ಈ ಎರಡರ ನಡುವಿನ ವಿವೇಕವನ್ನು ಇಂದಿನ ಮನೆಗಳಲ್ಲಿ ಒಂದು ಹೊಸ ವಿಷಯಕ್ಕೆ ಬಳಸಬೇಕಾಗಿ ಬಂದಿದೆ. ಅದು ನಮ್ಮ ಮಕ್ಕಳು ಆಡುವ ವಿಡಿಯೋ ಗೇಮ್.

ಹಳೆಯ ಗ್ರಂಥಗಳ ನಡುವೆ ಆಯುಷ್ಯ ಕಳೆದವರು ಈ ಆಟಗಳ ಗೊಡವೆಗೆ ಏಕೆ ಹೋದರೆಂದು ವಾಚಕರು ಹುಬ್ಬೇರಿಸಬಹುದು. ಮಠದ ಪಾಠಶಾಲೆಯಲ್ಲಿ ಗುರುಗಳು ನಮ್ಮ ಮುಂದೆ ಒಂದೇ ಗ್ರಂಥದ ಮೂರು ನಾಲ್ಕು ಓಲೆಗರಿಯ ಪ್ರತಿಗಳನ್ನಿಟ್ಟು ಹೋಲಿಸಲು ಹೇಳುತ್ತಿದ್ದರು. ಒಂದರಲ್ಲಿದ್ದ ಸಾಲು ಇನ್ನೊಂದರಲ್ಲಿ ಇರುತ್ತಿರಲಿಲ್ಲ. ಲಿಪಿಕಾರನು ಬಿಟ್ಟದ್ದೇನು? ಏಕೆ ಬಿಟ್ಟ? ಬಿಟ್ಟ ಮೇಲೂ ಅರ್ಥ ಉಳಿಯಿತೆ? ಈ ಮೂರು ಪ್ರಶ್ನೆ ಕೇಳದೆ ಯಾವ ಪ್ರತಿಯನ್ನೂ ಮೇಲು ಕೀಳೆಂದು ಹೇಳಕೂಡದೆಂಬುದು ಅವರ ಕಟ್ಟಪ್ಪಣೆಯಾಗಿತ್ತು. ಬೇರೆ ಬೇರೆ ಯಂತ್ರಗಳಲ್ಲಿ ಆಡುವ ಒಂದೇ ಆಟವೂ ಇಂಥ ಪ್ರತಿಗಳ ಕಟ್ಟೇ ಎಂಬುದು ನಮಗೆ ಕಳೆದ ವರ್ಷದ ದಸರೆಯ ಸೂಟಿಯಲ್ಲಿ ಮನವರಿಕೆಯಾಯಿತು.

ಆ ಸೂಟಿಗೆ ನಮ್ಮ ಮಗಳ ಮಗ ಹಳ್ಳಿಯಿಂದ ಧಾರವಾಡಕ್ಕೆ ಬಂದಿದ್ದ. ವಯಸ್ಸು ಹನ್ನೆರಡು, ಕೈಯಲ್ಲಿ ತಂದೆಯ ಹಳೆಯ ಮೊಬೈಲು. ಮಗನ ಮಗ ಅವನಿಗಿಂತ ಮೂರು ವರ್ಷ ದೊಡ್ಡವ. ಅವನ ಮೇಜಿನ ಮೇಲೆ ದೊಡ್ಡ ಪರದೆಯ ಕಂಪ್ಯೂಟರು. ಇಬ್ಬರೂ ಆಡುವುದು ಒಂದೇ ಆಟ. ಸೂಟಿ ಮುಗಿಸಿ ಹುಡುಗ ಊರಿಗೆ ಮರಳಿದ ಎಂಟೇ ದಿನಕ್ಕೆ ಮಗಳ ಫೋನು ಬಂದಿತು: “ಅಪ್ಪಾ, ಇಂವ ನೆಟ್ಟಗ ಊಟಾ ಮಾಡವಲ್ಲ. ಅಣ್ಣನ ಮಶೀನಿನಂಥಾದ್ದ ಬೇಕಂತ ಹಟಾ ಹಿಡದಾನ. ಹಿಂಗಾರಿ ಬಿತ್ತಿಗಿಗೆ ಇಟ್ಟ ರೊಕ್ಕದಾಗ ತಗೋಳೂಣು ಅಂತ ಇವರೂ ಅನ್ನಾಕತ್ತಾರ.” ಅಂಗಡಿಯವರು ಹೇಳಿದ ಬೆಲೆ 60,000 ರೂಪಾಯಿ. ಬಿತ್ತುವ ಹಣವನ್ನು ಆಟದ ಯಂತ್ರಕ್ಕೆ ಸುರಿಯುವ ಮಾತು ಬಂದ ಮೇಲೆ ಇದು ಮಕ್ಕಳಾಟವಾಗಿ ಉಳಿಯಲಿಲ್ಲ.

ಯಾವುದೇ ಆಟವನ್ನು ಎರಡು ಯಂತ್ರಗಳಲ್ಲಿ ಹೋಲಿಸುವಾಗ ಎರಡು ಸಂಗತಿಗಳನ್ನು ಬೇರ್ಪಡಿಸಿಕೊಳ್ಳಬೇಕು. ಒಂದು ನೋಟ, ಇನ್ನೊಂದು ಓಟ. ಪರದೆಯ ಮೇಲಿನ ಚಿತ್ರ ಎಷ್ಟು ಚುಕ್ಕೆಗಳಿಂದ ಆಗಿದೆ, ನೆರಳು ಬೆಳಕು ಎಷ್ಟು ಸೊಗಸಾಗಿವೆ ಎಂಬುದು ನೋಟ. 1920 ಚುಕ್ಕೆ ಅಗಲ, 1080 ಚುಕ್ಕೆ ಎತ್ತರದ ಪರದೆಯಲ್ಲಿ ಒಟ್ಟು 20,73,600 ಚುಕ್ಕೆಗಳು. ‘ಫೋರ್ ಕೆ’ ಎಂದು ಮಾರುವ ಪರದೆಯಲ್ಲಿ ಇದರ ನಾಲ್ಕು ಪಟ್ಟು. ಇನ್ನು ಓಟವೆಂದರೆ ಸೆಕೆಂಡಿಗೆ ಎಷ್ಟು ಚಿತ್ರಗಳನ್ನು ಯಂತ್ರವು ಬರೆದು ತೋರಿಸುತ್ತದೆ ಎಂಬುದು. ಸಿನಿಮಾಕ್ಕೆ 24 ಚಿತ್ರ ಸಾಕು. ಆಟದಲ್ಲಿ ನಮ್ಮ ಬೆರಳಿಗೆ ಪರದೆಯು ಉತ್ತರ ಕೊಡಬೇಕಾದುದರಿಂದ ಸಾಮಾನ್ಯವಾಗಿ 30 ಅಥವಾ 60 ಚಿತ್ರಗಳ ಗುರಿಯಿಡುತ್ತಾರೆ. ಇನ್ನೂ ಒಂದು ಸೂಕ್ಷ್ಮವಿದೆ. ಸಮನಾಗಿ ಬರುವ 30 ಚಿತ್ರಗಳು ಕಣ್ಣಿಗೆ ಹಿತ. ಒಮ್ಮೆ 60, ಒಮ್ಮೆ 20 ಎಂದು ಎಡವುತ್ತ ಬಂದರೆ ತೊಡಕು. ಎತ್ತು ನಿಧಾನ ನಡೆದರೂ ಗಾಡಿ ಸಾಗುತ್ತದೆ. ಓಡುತ್ತ ನಿಲ್ಲುತ್ತ ಹೋದರೆ ಗಾಡಿಯಲ್ಲಿ ಕೂತವರ ಸೊಂಟ ಉಳಿಯುವುದಿಲ್ಲ.

ಈ ಹೋಲಿಕೆಯ ಇತಿಹಾಸ ಹಳೆಯದು. ಜಪಾನಿನ ನಾಮ್ಕೊ ಸಂಸ್ಥೆ 1980ರಲ್ಲಿ ‘ಪ್ಯಾಕ್-ಮ್ಯಾನ್’ ಎಂಬ ಆಟವನ್ನು ಹೊರತಂದಿತು. ಅದು ನಾಣ್ಯ ಹಾಕಿ ಆಡುವ ದೊಡ್ಡ ಪೆಟ್ಟಿಗೆಯ ಆಟ. ಚಕ್ರವ್ಯೂಹದಂಥ ದಾರಿಗಳಲ್ಲಿ ಚುಕ್ಕೆಗಳನ್ನು ತಿನ್ನುತ್ತ ಹೋಗುವ ಹಳದಿಯ ಗುಂಡುಮೋರೆ, ಅದನ್ನು ಬೆನ್ನಟ್ಟುವ ನಾಲ್ಕು ಭೂತಗಳು. 1982ರಲ್ಲಿ ಅಮೆರಿಕದ ಅಟಾರಿ ಸಂಸ್ಥೆ ಇದನ್ನು ಮನೆಯ ಟೀವಿಗೆ ಜೋಡಿಸುವ ತನ್ನ ‘2600’ ಯಂತ್ರಕ್ಕೆ ತಂದಿತು. 1977ರ ಆ ಯಂತ್ರದ ಸ್ಮರಣಶಕ್ತಿ 128 ಬೈಟುಗಳು, ಎಂದರೆ 128 ಅಕ್ಷರ ಹಿಡಿಸುವಷ್ಟು ಜಾಗ. ಇಡೀ ಆಟವನ್ನು 4 ಕಿಲೋಬೈಟಿನಲ್ಲಿ ಅಡಕ ಮಾಡಬೇಕಾಗಿತ್ತು. ನಾಲ್ಕು ಭೂತಗಳನ್ನು ಒಮ್ಮೆಗೇ ಬರೆಯಲು ಯಂತ್ರಕ್ಕೆ ಶಕ್ತಿ ಸಾಲದೆ, ಟಾಡ್ ಫ್ರೈ ಎಂಬ ತಂತ್ರಜ್ಞ ಅವುಗಳನ್ನು ಸರದಿಯ ಮೇಲೆ ಬರೆಯುವಂತೆ ಮಾಡಿದ. ಪರಿಣಾಮವಾಗಿ ಭೂತಗಳು ಗಾಳಿಗೆ ಸಿಕ್ಕ ದೀಪದಂತೆ ಮಿನುಗಿದವು. ಲಕ್ಷಾಂತರ ಜನ ಕೊಂಡರು. ಪೆಟ್ಟಿಗೆಯ ಆಟ ಕಂಡಿದ್ದವರು ಬೇಸರಪಟ್ಟರು. ಆದರೆ ಅನಂತರ ಅದೇ ಯಂತ್ರಕ್ಕೆ ಬಂದ ‘ಮಿಸ್ ಪ್ಯಾಕ್-ಮ್ಯಾನ್’ 8 ಕಿಲೋಬೈಟು ಜಾಗದಲ್ಲಿ ಬಹಳ ಮೇಲೆಂದು ಹೊಗಳಿಸಿಕೊಂಡಿತು. ಯಂತ್ರ ಅದೇ, ತುಸು ಹೆಚ್ಚು ಎಡೆ ಸಿಕ್ಕಿತ್ತು, ಕೈ ಪಳಗಿತ್ತು. ಗರಿ ಸಣ್ಣದಾದ ಮಾತ್ರಕ್ಕೆ ಬರಹ ಕೆಡಲೇಬೇಕೆಂಬ ನಿಯಮವಿಲ್ಲ. ಏನನ್ನು ಬಿಡಬೇಕೆಂದು ಬಲ್ಲ ಲಿಪಿಕಾರ ಸಣ್ಣ ಗರಿಯಲ್ಲಿಯೂ ಅರ್ಥವನ್ನು ಉಳಿಸುತ್ತಾನೆ.

ಇದಕ್ಕೆ ಪ್ರತಿಯಾದ ನಿದರ್ಶನ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಸಂಸ್ಥೆಯ ‘ಸೈಬರ್‌ಪಂಕ್ 2077’. 2020ರ ಡಿಸೆಂಬರ್ 10ರಂದು ಅದು ಹಲವು ಯಂತ್ರಗಳಿಗೆ ಒಟ್ಟಿಗೇ ಬಿಡುಗಡೆಯಾಯಿತು. ಬಲಿಷ್ಠ ಕಂಪ್ಯೂಟರುಗಳಲ್ಲಿ ಕಣ್ಣು ಕೋರೈಸಿದ ಅದೇ ಆಟ 2013ರ ಕಾಲದ ಪ್ಲೇಸ್ಟೇಶನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಯಂತ್ರಗಳಲ್ಲಿ ತಡವರಿಸಿತು. ನಡುನಡುವೆ ತಾನಾಗಿಯೇ ಮುಚ್ಚಿಕೊಂಡಿತು. ಒಂದು ವಾರ ಕಳೆಯುವಷ್ಟರಲ್ಲಿ ಸೋನಿ ಸಂಸ್ಥೆ ಅದನ್ನು ತನ್ನ ಮಾರಾಟದ ತಾಣದಿಂದಲೇ ತೆಗೆದು ಹಣ ಹಿಂತಿರುಗಿಸಲು ಒಪ್ಪಿತು. ಆಟ ಮರಳಿದ್ದು 2021ರ ಜೂನಿನಲ್ಲಿ. ಬಿಡುಗಡೆಗೆ ಮೊದಲು ಪ್ರಕಟವಾದ ವಿಮರ್ಶೆಗಳು ಕಂಪ್ಯೂಟರಿನ ಪ್ರತಿಯನ್ನು ಮಾತ್ರ ಆಡಿ ಬರೆದವುಗಳಾಗಿದ್ದವು. ಹಳೆಯ ಯಂತ್ರ ಇಟ್ಟುಕೊಂಡವರು ಬೇರೊಂದು ಪ್ರತಿಯ ಹೊಗಳಿಕೆಯನ್ನು ಓದಿ ತಮ್ಮ ಪ್ರತಿಗೆ ಹಣ ತೆತ್ತರು. ಆದುದರಿಂದ ಯಾವ ಆಟದ ಪ್ರಶಂಸೆ ಕಿವಿಗೆ ಬಿದ್ದರೂ, ಅದು ಯಾವ ಯಂತ್ರದ ಮೇಲೆ ನೋಡಿ ಆಡಿದ ಮಾತೆಂದು ಮೊದಲು ಕೇಳಬೇಕು.

ಈಗ ನಮ್ಮ ಮೊಮ್ಮಕ್ಕಳ ಆಟಕ್ಕೆ ಬರೋಣ. ಅದರ ಹೆಸರು ‘ಮೈನ್‌ಕ್ರಾಫ್ಟ್’. ಸ್ವೀಡನ್ನಿನ ಮಾರ್ಕುಸ್ ಪರ್ಸನ್ 2009ರಲ್ಲಿ ಆರಂಭಿಸಿದ ಈ ಆಟ 2011ರಲ್ಲಿ ಪೂರ್ಣರೂಪ ತಾಳಿತು. 2023ರ ಹೊತ್ತಿಗೆ 30 ಕೋಟಿ ಪ್ರತಿಗಳು ಮಾರಾಟವಾಗಿದ್ದವು. ಅದರಲ್ಲಿ ನೆಲ, ಮರ, ಬೆಟ್ಟ ಎಲ್ಲವೂ ಒಂದೊಂದು ಮೀಟರಿನ ಘನ ಗಟ್ಟಿಗಳಿಂದ ಆದವು. ಅಗೆಯಬಹುದು, ಕಟ್ಟಬಹುದು, ಬಿತ್ತಬಹುದು. ಕಂಪ್ಯೂಟರಿನಲ್ಲಿ ಇದರ ಎರಡು ರೂಪಗಳಿವೆ: ಮೊದಲಿನ ‘ಜಾವಾ’ ರೂಪ, ಮತ್ತು ಮೊಬೈಲಿನ ಜೊತೆಗೂ ಕೂಡಿ ಆಡಬಹುದಾದ ‘ಬೆಡ್‌ರಾಕ್’ ರೂಪ. ಮಕ್ಕಳು ಎರಡನೆಯದನ್ನು ಆರಿಸಿಕೊಂಡು, ಮನೆಯ ವೈಫೈಯಲ್ಲಿ ಒಂದೇ ಲೋಕದೊಳಗೆ ಇಳಿದಿದ್ದರು. ನಾವು ನಾಲ್ಕು ಸಂಜೆ ಅವರ ನಡುವೆ ಕುಳಿತು, ಒಮ್ಮೆ ಈ ಪರದೆ ಒಮ್ಮೆ ಆ ಪರದೆ ನೋಡುತ್ತ, ಕಂಡ ವ್ಯತ್ಯಾಸಗಳನ್ನು ಪಾಠಾಂತರ ಬರೆದುಕೊಳ್ಳುವ ರೂಢಿಯಂತೆ ಗುರುತಿಸಿಕೊಂಡೆವು.

ಮೊದಲ ವ್ಯತ್ಯಾಸ ದೂರದ್ದು. “ಅಜ್ಜಾ, ಅಣ್ಣಗ ಗುಡ್ಡಾ ಕಾಣಸ್ತೈತಿ. ನನಗ ಬರೇ ಮಂಜ” ಎಂದ ಚಿಕ್ಕವ. ಈ ಆಟದ ಲೋಕವನ್ನು ಉದ್ದಗಲ 16 ಗಟ್ಟಿಗಳ ತುಂಡುಗಳಾಗಿ ವಿಂಗಡಿಸಿರುತ್ತಾರೆ. ಎಷ್ಟು ತುಂಡುಗಳಾಚೆಗೆ ತೋರಿಸಬೇಕೆಂಬುದನ್ನು ಆಯಾ ಯಂತ್ರದ ಶಕ್ತಿಗೆ ತಕ್ಕಂತೆ ಗೊತ್ತುಮಾಡಬಹುದು. ಮೊಬೈಲಿನಲ್ಲಿ ಅದು 6, ಎಂದರೆ 96 ಗಟ್ಟಿಗಳ ದೂರ. ಕಂಪ್ಯೂಟರಿನಲ್ಲಿ 24, ಎಂದರೆ 384. ದೂರ ನಾಲ್ಕು ಪಟ್ಟಾದರೆ ಬರೆಯಬೇಕಾದ ನೆಲ ಹದಿನಾರು ಪಟ್ಟು. ಆ ಭಾರವನ್ನು ಸಣ್ಣ ಯಂತ್ರದ ಮೇಲೆ ಹೇರಲಾಗದೆ ಅಂಚಿಗೆ ಮಂಜು ಕವಿಸುತ್ತಾರೆ. “ಗುಡ್ಡಾ ಅಲ್ಲೇ ಐತೋ, ನೀ ನಡಕೋಂತ ಬಾ” ಎಂದ ದೊಡ್ಡವ. ಹುಡುಗ ನಡೆದ. ಸ್ವಲ್ಪ ಹೊತ್ತಿಗೆ ಮಂಜಿನೊಳಗಿಂದ ಬೆಟ್ಟದ ಒಂದೊಂದೇ ತುಂಡು ಮೂಡಿ ಬಂದಿತು. ಅಣ್ಣ ಕಂಡಿದ್ದ ಬೆಟ್ಟವೇ ಅದು. ಕಾಣದ್ದರಿಂದ ಅದು ಇಲ್ಲವಾಗಿರಲಿಲ್ಲ.

ಎರಡನೆಯದು ಕೈಯದು. ಕಂಪ್ಯೂಟರಿನವನಿಗೆ ಮೌಸು, ಕೀಲಿಮಣೆ. ಮೊಬೈಲಿನವನಿಗೆ ತನ್ನ ಹೆಬ್ಬೆರಳೇ ಅರ್ಧ ಪರದೆಯನ್ನು ಮರೆಮಾಡುತ್ತದೆ. ಕತ್ತಲಾಗಿ ಪಿಶಾಚಿಗಳು ಬಂದಾಗ ಚಿಕ್ಕವನೇ ಹೆಚ್ಚು ಸಲ ಸಾಯುತ್ತಿದ್ದುದಕ್ಕೆ ಚಿತ್ರದ ಅಂದಕ್ಕಿಂತ ಇದೇ ಕಾರಣವೆಂದು ನಮಗೆ ತೋರಿತು.

ಮೂರನೆಯದು ನಮ್ಮನ್ನು ಬಹುಕಾಲ ಯೋಚಿಸುವಂತೆ ಮಾಡಿತು. ಹೊಳೆಯ ದಂಡೆಗೆ ಇಬ್ಬರೂ ಗೋದಿ ಬಿತ್ತಿ ಸುಮಾರು 200 ಗಟ್ಟಿಗಳಾಚೆ ಕಲ್ಲು ಅಗೆಯಲು ಹೋದರು. ಕಂಪ್ಯೂಟರಿನ ಪರದೆಯಲ್ಲಿ ಹೊಲ ಅಷ್ಟು ದೂರದಿಂದಲೂ ಕಾಣುತ್ತಲೇ ಇತ್ತು. ಬಹಳ ಹೊತ್ತಿನ ಮೇಲೆ ಮರಳಿ ಬಂದರೆ ಪೈರು ಮೊದಲಿನಷ್ಟೇ ಇದೆ! ಕಾರಣವನ್ನು ದೊಡ್ಡವನೇ ತಿಳಿಸಿದ. ಈ ಆಟದಲ್ಲಿ ತೋರುವ ದೂರ ಬೇರೆ, ನಡೆಯುವ ದೂರ ಬೇರೆ. ತೋರುವ ದೂರ ಯಂತ್ರಕ್ಕೆ ಸೇರಿದ್ದು. ನಡೆಯುವ ದೂರವನ್ನು ಇಡೀ ಲೋಕಕ್ಕೆ ಒಂದೇ ಆಗಿ ಗೊತ್ತುಮಾಡಿರುತ್ತಾರೆ. ಅವರ ಲೋಕದಲ್ಲಿ ಅದು 4 ತುಂಡು, ಸುಮಾರು 64 ಗಟ್ಟಿ. ಲೋಕದ ನಾಡಿ ಸೆಕೆಂಡಿಗೆ 20 ಸಲ ಮಿಡಿಯುತ್ತದೆ; ಆದರೆ ಆ ಮಿಡಿತದಿಂದ ಪೈರು ಬೆಳೆಯುವುದು ಆಟಗಾರ ನಿಂತ ನೆಲದ ಆಸುಪಾಸಿನಲ್ಲಿ ಮಾತ್ರ. ದೂರದವರೆಗೆ ಕಾಣುವವನ ಪೈರೂ ಅವನು ಹತ್ತಿರವಿದ್ದರೇ ಬೆಳೆಯಬೇಕು. ಮರುದಿನ ಅಣ್ಣ ಬೆಟ್ಟ ಹತ್ತಿದ. ತಮ್ಮ ಹೊಲದಲ್ಲಿಯೇ ಉಳಿದ. ಸಂಜೆಗೆ ಗೋದಿ ಹಣ್ಣಾಗಿ ನಿಂತಿತ್ತು. ಇಬ್ಬರಿಗೂ ರೊಟ್ಟಿಯಾದದ್ದು ಹಳೆಯ ಮೊಬೈಲಿನವನು ಕಾದ ಹೊಲದಿಂದ.

ಮಗಳ ಫೋನು ಬಂದಾಗ ನಾವು ತತ್ವ ಹೇಳಲಿಲ್ಲ. ಹುಡುಗನನ್ನೇ ಕರೆದು ವಿಚಾರಿಸಿದೆವು. ಊರಿಗೆ ಹೋದವನೇ ಅಣ್ಣನಂತೆ ದೂರದವರೆಗೆ ಕಾಣಲೆಂದು ಮೊಬೈಲಿನ ನೋಟದ ದೂರವನ್ನು ಹೆಚ್ಚಿಸಿ, ಸೊಗಸಿನ ಆಯ್ಕೆಗಳನ್ನೆಲ್ಲ ಹಾಕಿಕೊಂಡಿದ್ದ. ಯಂತ್ರ ಕಾದು ಕೆಂಡವಾಗುತ್ತಿತ್ತು, ಚಿತ್ರ ಎಡವುತ್ತಿತ್ತು. ನೋಟದ ಆಸೆಗೆ ಓಟ ಕೆಟ್ಟಿತ್ತು. “ದೂರಾ ಮತ್ತ ಆರಕ್ಕ ಇಳಸಪಾ, ಮೋಡದ ಚಂದಾ ತಗದ ಹಾಕು” ಎಂದೆವು. ಇನ್ನೊಂದು ಉಪಾಯವನ್ನು ಧಾರವಾಡದ ಹುಡುಗ ಹೇಳಿಕೊಟ್ಟ. ಪ್ರತಿ ಲೋಕಕ್ಕೂ ‘ಬೀಜ’ವೆಂದು ಕರೆಯುವ ಒಂದು ಸಂಖ್ಯೆ ಇರುತ್ತದೆ. ಆಟದ ಒಂದೇ ಆವೃತ್ತಿಯಲ್ಲಿ ಅದೇ ಸಂಖ್ಯೆ ಕೊಟ್ಟರೆ ಮೊಬೈಲಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ಅದೇ ಬೆಟ್ಟ, ಅದೇ ಹೊಳೆ ಹುಟ್ಟುತ್ತವೆ. ತಮ್ಮನಿಗೆ ಆ ಸಂಖ್ಯೆಯನ್ನು ಓದಿ ಹೇಳಿದ. ತಮ್ಮ ಅದನ್ನು ನೋಟುಬುಕ್ಕಿನ ಹಿಂದೆ ಬರೆದುಕೊಂಡ. ಎರಡು ದಿನಕ್ಕೆ ಅವನದೇ ಫೋನು: “ಅಜ್ಜಾ, ಗುಡ್ಡಾ ಸಿಕ್ತು. ಈಗ ಜಗ್ಗೂದಿಲ್ಲ, ಮೊಬೈಲ ಕಾಯೂದಿಲ್ಲ.” ಅನಂತರ ಮಗಳಿಗೆ ಹೇಳಿದೆವು: “ನೋಡವ್ವಾ, ಬಿತ್ತಿಗಿ ರೊಕ್ಕ ಹೊಲಕ್ಕ ಹೋಗಲಿ.” ಹೋಯಿತು, ಜೋಳ, ಕಡಲೆ ಬಿತ್ತಿದರು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಇದ್ದುದರಲ್ಲಿ ತೃಪ್ತಿಪಡಬೇಕೆಂಬ ಮಾತನ್ನು ಮಕ್ಕಳ ಬಾಯಿ ಮುಚ್ಚಿಸಲು ಬಳಸಬಾರದು. ಕೊರತೆಗೆ ವೇದಾಂತದ ಮುಸುಕು ಹಾಕುವುದು ಪ್ರಾಮಾಣಿಕತನವಲ್ಲ. ಕ್ಷಣಾರ್ಧದಲ್ಲಿ ಗುರಿಯಿಡಬೇಕಾದ ಸ್ಪರ್ಧೆಯ ಆಟಗಳಲ್ಲಿ 60 ಚಿತ್ರಗಳ ಯಂತ್ರದವನು 20 ಚಿತ್ರಗಳ ಯಂತ್ರದವನಿಗಿಂತ ನಿಜಕ್ಕೂ ಮುಂದಿರುತ್ತಾನೆ. ಅಲ್ಲಿ ಸೋತ ಮಗುವಿಗೆ ‘ನೀನು ದಡ್ಡ’ ಎನ್ನುವುದು ಅನ್ಯಾಯ. ಹಳೆಯ ಯಂತ್ರ ಹೊಸ ಆಟವನ್ನು ನಡೆಸಲಾರದ ದಿನವೂ ಬರುತ್ತದೆ. ಹುಡುಗನ ಓದಿಗೆ ಕಂಪ್ಯೂಟರು ಬೇಕಾದಾಗ ಕೊಡಿಸಲೇಬೇಕು. ಅದಕ್ಕಾಗಿ ನಾವೂ ತಿಂಗಳಿಗಿಷ್ಟೆಂದು ತೆಗೆದಿಡುತ್ತಿದ್ದೇವೆ.

ತಂದೆತಾಯಿಗಳಿಗೆ, ಅಜ್ಜ ಅಜ್ಜಿಯರಿಗೆ ನಮ್ಮ ವಿನಂತಿ ಇಷ್ಟೇ. ಮಗು ಹೊಸ ಯಂತ್ರ ಬೇಡಿದಾಗ ಗದರಿಸುವ ಮೊದಲು, ಕೊಡಿಸುವ ಮೊದಲೂ, ಒಂದು ಸಂಜೆ ಅದರ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಕೊರತೆ ನೋಟದ್ದೋ ಓಟದ್ದೋ ಕೇಳಿರಿ. ನೋಟದ್ದಾದರೆ, ಬಿಟ್ಟುಹೋದುದರಿಂದ ಆಟದ ಅರ್ಥ ಕೆಟ್ಟಿದೆಯೇ ನೋಡಿರಿ, ಬಹುಪಾಲು ಕೆಟ್ಟಿರುವುದಿಲ್ಲ. ಓಟದ್ದಾದರೆ ಆಯ್ಕೆಗಳನ್ನು ಇಳಿಸಿ ಸಮಗತಿ ಬರುತ್ತದೆಯೇ ಪರೀಕ್ಷಿಸಿರಿ. ಇಷ್ಟಾದ ಮೇಲೂ ಕೊರತೆ ಉಳಿದರೆ ಅದು ನಿಜವಾದ ಕೊರತೆ. ಅದನ್ನು ಮಗುವಿನ ಎದುರಿಗೆ ಒಪ್ಪಿಕೊಂಡು, ಯಾವಾಗ ನೀಗಿಸಬಲ್ಲಿರೆಂದು ಹೇಳಿರಿ. ಯಂತ್ರ ಸಣ್ಣದಿರುವುದನ್ನು ಮಕ್ಕಳು ತಾಳಿಕೊಳ್ಳುತ್ತಾರೆ. ಯಂತ್ರದ ಸಣ್ಣತನ ತಮ್ಮದೇ ಸಣ್ಣತನವೆಂಬ ಭಾವನೆಯನ್ನು ಮಾತ್ರ ಅವರಿಂದ ತಾಳಲಾಗದು. ಆ ಭಾವನೆ ಅವರಲ್ಲಿ ಬೇರೂರದಂತೆ ಕಾಯುವ ಹೊಣೆ ಮನೆಯ ಹಿರಿಯರಾದ ನಮ್ಮದು.