ಅಮ್ಮ ಮತ್ತು ಬಜಪೆಯ ರನ್‌ವೇ

ಕುರ್ಲಾದ ನಮ್ಮ ಚಾಳಿನ ಮೇಲೆ ವಿಮಾನ ಇಳಿಯುವಾಗ ಎಲ್ಲರೂ ಮಾತು ನಿಲ್ಲಿಸುತ್ತೇವೆ. ಅಮ್ಮ ಮಾತ್ರ ತಲೆಯೆತ್ತಿ, "ಇಷ್ಟು ದೊಡ್ಡದು ನಮ್ಮ ಬಜಪೆಯಲ್ಲಿ ಇಳಿದೀತಾ?" ಎನ್ನುತ್ತಿದ್ದಳು.

ಮಂಗಳೂರಿನ ಬಜಪೆ ನಿಲ್ದಾಣ ಶುರುವಾದದ್ದು 1951ರಲ್ಲಿ. ಗುಡ್ಡದ ನೆತ್ತಿ, ಸುತ್ತ ಕಣಿವೆ, ರನ್‌ವೇ ಬರೀ 1,615 ಮೀಟರ್. 2006ರಲ್ಲಿ 2,450 ಮೀಟರಿನ ಹೊಸ ರನ್‌ವೇ ಬಂತು. ಅದೇ ವರ್ಷ ದುಬೈಗೂ ನೇರ ವಿಮಾನ ಹಾರಿತು. "ಮುಂದಿನ ಸಲ ನಾನೂ ವಿಮಾನದಲ್ಲೇ" ಎಂದಳು ಗಂಟುನೋವಿನ ಅಮ್ಮ.

2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಆ ಹೊಸ ರನ್‌ವೇಯಲ್ಲಿ ಸುಮಾರು 1,600 ಮೀಟರ್ ಕಳೆದ ಮೇಲೆ ನೆಲ ಮುಟ್ಟಿತು. ಹಳೆಯ ರನ್‌ವೇಯ ಉದ್ದವೇ ಹೆಚ್ಚುಕಡಿಮೆ ಅಷ್ಟು. ವಿಮಾನ ನಿಲ್ಲದೆ ಕಣಿವೆಗೆ ಬಿತ್ತು. 158 ಮಂದಿ ಸತ್ತರು, ಎಂಟು ಮಂದಿ ಉಳಿದರು.

"ಉದ್ದ ಮಾಡಿದರೇನು, ಮುಗಿದ ಮೇಲೆ ಮಣ್ಣು ಬೇಡವಾ?" ಎಂದ ಅಮ್ಮ ಮತ್ತೆ ಕುರ್ಲಾ ಟರ್ಮಿನಸ್ಸಿನ ಮತ್ಸ್ಯಗಂಧ ಹತ್ತಿದಳು. ಅದಾಗಿ ಎಷ್ಟೋ ವರ್ಷ ರೈಲೇ.

ತಮ್ಮನ ಜೀವ ಇಂದೋ ನಾಳೆಯೋ ಎಂದು ಊರಿನಿಂದ ಫೋನ್ ಬಂದ ರಾತ್ರಿ ಅವಳೇ ಹೇಳಿದಳು: "ವಿಮಾನಕ್ಕೆ ಟಿಕೆಟ್ ಮಾಡು."

ಇಳಿಯುವಾಗ ನನ್ನ ಕೈ ಬಿಡಲಿಲ್ಲ. ವಿಮಾನ ನಿಂತ ಮೇಲೆ ಮೆಲ್ಲಗೆ ಕೇಳಿದಳು: "ಮುಂದೆ ಇನ್ನೆಷ್ಟು ನೆಲ ಉಳಿದಿದೆ, ನೋಡು."