ಓಮ್ನಿಯಲ್ಲಿ ಘಾಟಿ ಜಾತ್ರೆಗೆ

ನಮ್ಮ ಬೀದಿಯ ಮಕ್ಕಳು ನನ್ನ ಹಳೆಯ ಓಮ್ನಿ ವ್ಯಾನಿಗೆ ‘ತಾತನ ಬೋಗಿ’ ಎಂದು ಹೆಸರಿಟ್ಟಿದ್ದಾರೆ. ಒಳಗೆ ಹಲಗೆಯ ಮಂಚ, ಮಂಚದ ಕೆಳಗೆ ಒಲೆ, ನಾಲ್ಕು ಪಾತ್ರೆ, 20 ಲೀಟರಿನ ನೀರಿನ ಕ್ಯಾನು, ಒಂದು ದೀಪ. ಹೊರದೇಶಗಳಲ್ಲಿ ಇಂಥದ್ದಕ್ಕೆ ಕ್ಯಾಂಪರ್ ವ್ಯಾನ್ ಎನ್ನುತ್ತಾರೆ. ಕೆಲವದರಲ್ಲಿ ಬಚ್ಚಲೂ ಇರುತ್ತದೆ. ನಮ್ಮದರಲ್ಲಿ ಮಂಚದ ಮೇಲೆ ನೆಟ್ಟಗೆ ಕೂತರೆ ತಲೆ ಚಾವಣಿಗೆ ತಾಗುತ್ತದೆ, ಅಷ್ಟೇ ವ್ಯತ್ಯಾಸ.

ಇಂಥ ಕೆಲಸಕ್ಕೆ ನಮ್ಮ ಅಬ್ಬಿಗೆರೆಗಿಂತ ಒಳ್ಳೆಯ ಊರಿಲ್ಲ. ಹೆಸರಿನಲ್ಲೇ ಕೆರೆ ಇದೆ. ‘ಮಳೆಗಾಲ’ದಲ್ಲಿ ಆದ ಹಾಗೆ ಇಲ್ಲೂ ಕಕಾರ ಗಕಾರವಾಗಿದೆ, ಆದೇಶ ಸಂಧಿ ಓದಿದ ಮಕ್ಕಳಿಗೆ ಗೊತ್ತು. ಈಗ ಕಿವಿಗೆ ಹೆಚ್ಚು ಬೀಳುವುದು ಕಬ್ಬಿಣ ಕೊಯ್ಯುವ ಸದ್ದು. ಪೀಣ್ಯ ಹತ್ತಿರವಿರುವುದರಿಂದ ಸಣ್ಣ ಸಣ್ಣ ಶೆಡ್ಡುಗಳಲ್ಲಿ ಲೇತು, ವೆಲ್ಡಿಂಗು ನಡೆದೇ ಇರುತ್ತದೆ. ಒಂದು ಬೋಲ್ಟು ಬೇಕೆಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಟರೆ ಸಾಕು. (ಗದಗ ಜಿಲ್ಲೆಯಲ್ಲೂ ಒಂದು ಅಬ್ಬಿಗೆರೆ ಇದೆ. ಅಬ್ಬಿಗೆರೆಯಿಂದ ಅಬ್ಬಿಗೆರೆಗೆ ಹೋಗಬೇಕೆಂಬುದು ನನ್ನ ಮೊಮ್ಮಗಳ ಪಟ್ಟಿಯಲ್ಲಿ ಮೊದಲನೆಯದು.)

ಮಾರುತಿ ವ್ಯಾನ್ ರಸ್ತೆಗೆ ಬಂದದ್ದು 1984ರಲ್ಲಿ. ನಾಲ್ಕು ವರ್ಷದ ಮೇಲೆ ಅದಕ್ಕೆ ಓಮ್ನಿ ಎಂಬ ಹೆಸರಾಯಿತು. 2019ರಲ್ಲಿ ತಯಾರಿಕೆ ನಿಂತಿತು. ಮೂರು ಸಿಲಿಂಡರಿನ 796 ಸಿ.ಸಿ. ಎಂಜಿನ್, ಅದೂ ಮುಂದಿನ ಸೀಟಿನ ಕೆಳಗೆ. ಬೇಸಿಗೆಯಲ್ಲಿ ಅದು ಶಿಕ್ಷೆ. ಮಾರ್ಗಶಿರದ ಚಳಿಯಲ್ಲಿ ಮಾತ್ರ ಆ ಸೀಟಿಗೆ ಜಗಳವಾಗುತ್ತದೆ.

ಇಡೀ ವಾಹನದ ಉದ್ದ 3370 ಮಿಲಿಮೀಟರು, ಅಂದರೆ ಹನ್ನೊಂದು ಅಡಿ ಚಿಲ್ಲರೆ. ಅದರಲ್ಲಿ ಹಾಸಿಗೆಗೆ ನನ್ನ ಟೇಪಿಗೆ ಸಿಕ್ಕಿದ್ದು ಐದು ಅಡಿ ಉದ್ದ, ನಾಲ್ಕು ಅಡಿ ಅಗಲ. ನಾನು ಐದು ಅಡಿ ನಾಲ್ಕು ಅಂಗುಲ. ಏಳನೆಯ ತರಗತಿಯ ಮೊಮ್ಮಗಳು ಕಾಗದ ಪೆನ್ಸಿಲು ತಂದಳು. ಐದರ ವರ್ಗ 25, ನಾಲ್ಕರ ವರ್ಗ 16, ಒಟ್ಟು 41. ವರ್ಗಮೂಲ ಆರೂವರೆಗೆ ಸ್ವಲ್ಪ ಕಡಿಮೆ. “ತಾತ, ನೀನು ಮೂಲೆಯಿಂದ ಮೂಲೆಗೆ ಮಲಗು, ಕಾಲು ಚಾಚಿದರೂ ಜಾಗ ಮಿಗುತ್ತದೆ” ಎಂದಳು. ಪೈಥಾಗೊರಸ್ ಸರಿಯೇ. ಆದರೆ ನಾನು ಮೂಲೆಯಿಂದ ಮೂಲೆಗೆ ಬಿದ್ದುಕೊಂಡರೆ ಅವಳು ಎಲ್ಲಿ ಮಲಗಬೇಕು? ಕೊನೆಗೆ ಎಡಗಡೆಯ ಮುಂದಿನ ಸೀಟನ್ನು ಪೂರ್ತಿ ಮುಂದಕ್ಕೆ ಸರಿಸಿ, ಆ ಬದಿಯ ಹಲಗೆಗೆ ಅರ್ಧ ಅಡಿಯ ತುಂಡು ಸೇರಿಸಿದೆ. ಅದು ನನ್ನದು. ಬಲಗಡೆಯ ಐದಡಿ ಅವಳದು.

ಸೀಟನ್ನು ಕಿತ್ತಿಲ್ಲ. ಹಿಂದಿನ ಸೀಟನ್ನು ಮಡಚಿ, ಮೇಲೆ ಹಲಗೆಗಳನ್ನು ಜೋಡಿಸುವುದು. ಊರಿಗೆ ಬಂದ ಮೇಲೆ ತೆಗೆದಿಡುವುದು. ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಪ್ರಕಾರ ನೋಂದಣಿ ಪುಸ್ತಕದಲ್ಲಿ ಇರುವುದಕ್ಕೂ ವಾಹನಕ್ಕೂ ತಾಳೆಯಾಗಬೇಕು. ಬ್ಯಾಂಕಿನಲ್ಲಿ ಲೆಡ್ಜರು ತಾಳೆ ನೋಡಿಯೇ ಸವೆದ ನನಗೆ ಈ ನಿಯಮ ಬಹಳ ಹಿಡಿಸಿತು.

ಪ್ರತಿ ವರ್ಷ ತಪ್ಪದ ಪ್ರಯಾಣ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ. ಗಂಗಮ್ಮನ ಸರ್ಕಲ್ ದಾಟಿ ಯಲಹಂಕ, ರಾಜಾನುಕುಂಟೆ, ದೊಡ್ಡಬಳ್ಳಾಪುರ, ಆಮೇಲೆ ಘಾಟಿ. ಗುಡಿಯೊಳಗೆ ಪೂರ್ವಕ್ಕೆ ಮುಖ ಮಾಡಿದ ಸುಬ್ರಹ್ಮಣ್ಯ, ಅದೇ ಶಿಲೆಯಲ್ಲಿ ಪಶ್ಚಿಮಕ್ಕೆ ನರಸಿಂಹ. ನರಸಿಂಹನನ್ನು ಹಿಂದಿನ ಕನ್ನಡಿಯಲ್ಲಿ ನೋಡಬೇಕು. ಹೊರಗೆ ಬಯಲಿನಲ್ಲಿ ಹಳ್ಳಿಕಾರ್ ಎತ್ತುಗಳು, ಕೊಂಬಿಗೆ ಬಣ್ಣ, ಕೊರಳಿಗೆ ಗಂಟೆ. ಈ ತಳಿಯ ಚಿತ್ರ 2000ದಲ್ಲಿ ಅಂಚೆಚೀಟಿಯ ಮೇಲೂ ಬಂದಿತ್ತು.

ನಮ್ಮ ಅಪ್ಪ ಹೆಸರಘಟ್ಟದ ಕಡೆಯ ಹಳ್ಳಿಯಿಂದ ಇದೇ ಜಾತ್ರೆಗೆ ಕಮಾನು ಗಾಡಿ ಕಟ್ಟುತ್ತಿದ್ದರು. ಬಿದಿರ ದಬ್ಬೆ ಬಗ್ಗಿಸಿ ಮೇಲೆ ಚಾಪೆ, ಕೆಳಗೆ ಮೊಣಕಾಲುದ್ದ ಹುಲ್ಲು, ಅದರ ಮೇಲೆ ಕಂಬಳಿ. ಅಚ್ಚಿಗೆ ಲಾಟೀನು ನೇತುಹಾಕುತ್ತಿದ್ದರು. ಅಡುಗೆಗೆ ಮೂರು ಕಲ್ಲು. ಹುಲ್ಲು ನಮಗೆ ಹಾಸಿಗೆ, ಎತ್ತುಗಳಿಗೆ ಮೇವು. ಹೋಗುವಾಗ ಮೆತ್ತಗಿದ್ದ ಹಾಸಿಗೆ ಬರುವಾಗ ತೆಳ್ಳಗಾಗಿ, ಕೊನೆಯ ರಾತ್ರಿ ಗಾಡಿಯ ಹಲಗೆ ಬೆನ್ನಿಗೆ ಒತ್ತುತ್ತಿತ್ತು. ಹಾಸಿಗೆಯನ್ನೇ ತಿಂದು ಊರು ಮುಟ್ಟಿಸುವ ವಾಹನ ಯಾವ ಕಾರ್ಖಾನೆಯಲ್ಲೂ ತಯಾರಾಗಿಲ್ಲ ಎಂದರೆ ಮೊಮ್ಮಗಳು ನಂಬುವುದಿಲ್ಲ.

ಈಗಲೂ ಅಲ್ಲಿ ರೈತರು ದನಗಳ ಪಕ್ಕದಲ್ಲೇ ಮಲಗುತ್ತಾರೆ. ನಾವು ತುಸು ದೂರದಲ್ಲಿ, ಮರದ ಕೆಳಗೆ. ಒಲೆ ಹಚ್ಚುವುದು ಹೊರಗೆ ಮಾತ್ರ. ಮುಚ್ಚಿದ ವ್ಯಾನಿನೊಳಗೆ ಒಲೆ ಉರಿಸಿದರೆ, ಇಲ್ಲವೇ ಎಂಜಿನ್ ಚಾಲೂ ಇಟ್ಟು ಮಲಗಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳಬಹುದು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ; ಮಲಗಿದವರಿಗೆ ಎಚ್ಚರವೇ ಆಗದು. ಎಂಥ ಚಳಿಯಿದ್ದರೂ ಎದುರುಬದುರಿನ ಎರಡು ಗಾಜು ಎರಡು ಬೆರಳಷ್ಟು ತೆರೆದಿರಬೇಕು. ಆದರೂ ಬೆಳಿಗ್ಗೆ ಗಾಜಿನ ಒಳಗಡೆಯೆಲ್ಲ ಹನಿ. ನಮ್ಮಿಬ್ಬರ ಉಸಿರಿನ ನೀರೇ ತಣ್ಣನೆ ಗಾಜು ತಾಗಿ ಹನಿಯಾಗಿರುತ್ತದೆ. ಮೊಮ್ಮಗಳು ಅದರ ಮೇಲೆ ಬೆರಳಿನಿಂದ ಎತ್ತು ಬರೆಯುತ್ತಾಳೆ. ಮಾಕಳಿದುರ್ಗದ ಕಡೆಯಿಂದ ರೈಲಿನ ಕೂಗು ಕೇಳುತ್ತದೆ. ಮನೆಯಲ್ಲಿ ಒಂದು ಸ್ನಾನಕ್ಕೆ ಆಗುವ 20 ಲೀಟರಿನಲ್ಲಿ ಅಲ್ಲಿ ಎರಡು ದಿನದ ಅಡುಗೆ, ಕುಡಿಯುವುದು, ಮುಖ ತೊಳೆಯುವುದು ಎಲ್ಲ ಮುಗಿಯುತ್ತದೆ.

ವ್ಯಾನನ್ನು ಮಾರಿಬಿಡಿ ಎಂದು ಮಗ ಹೇಳುತ್ತಿದ್ದಾನೆ. ಅವನ ಮಾತಿನಲ್ಲೂ ಲೆಕ್ಕವಿದೆ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ. ಆಮೇಲೆ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ. 2006ರ ಓಮ್ನಿಗೆ 2021ರಲ್ಲಿ ಸಿಕ್ಕ ಐದು ವರ್ಷ ಈ ನವೆಂಬರಿಗೆ ಮುಗಿಯುತ್ತದೆ. ಇಪ್ಪತ್ತು ದಾಟಿದ ಕಾರಿಗೆ ಶುಲ್ಕ 10,000 ರೂಪಾಯಿ. ನನ್ನ ಚಾಲನಾ ಪರವಾನಗಿಯೂ ಇದೇ ವರ್ಷ ಮುಗಿಯುತ್ತದೆ. ಐವತ್ತೈದು ದಾಟಿದವರಿಗೂ ಐದೈದು ವರ್ಷವೇ, ವೈದ್ಯರ ಪ್ರಮಾಣಪತ್ರದ ಜೊತೆಗೆ. ವ್ಯಾನಿಗೆ ಬ್ರೇಕು, ದೀಪ, ಹೊಗೆ ನೋಡುತ್ತಾರೆ. ನನಗೆ ಕಣ್ಣು, ಕಿವಿ. ಇಬ್ಬರಲ್ಲಿ ಒಬ್ಬರು ನಪಾಸಾದರೂ ಘಾಟಿಗೆ ಬಸ್ಸೇ ಗತಿ.

ಬ್ರೇಕಿನ ಲೈನರ್ ಹೊಸದು ಹಾಕಿಸಿದ್ದೇನೆ, ಕನ್ನಡಕವನ್ನೂ ಬದಲಿಸಿದ್ದೇನೆ. ಇನ್ನು ಉಳಿದದ್ದು ಬಲಗಡೆಯ ಹಲಗೆ. ಹೋದ ತಿಂಗಳು ಗೋಡೆಗೆ ನಿಲ್ಲಿಸಿ ಗೀಟು ಹಾಕಿದಾಗ ಮೊಮ್ಮಗಳು ನಾಲ್ಕು ಅಡಿ ಹನ್ನೊಂದು ಅಂಗುಲ ಇದ್ದಳು. ಮುಂದಿನ ಜಾತ್ರೆಗೆ ಐದು ಅಡಿ ಸಾಲದು. ಆ ಬದಿಯಲ್ಲಿ ಚಾಲಕನ ಸೀಟು, ಅದರ ಮುಂದೆ ಸ್ಟಿಯರಿಂಗು. ಎಷ್ಟು ಅಂಗುಲ ಮುಂದಕ್ಕೆ ಸರಿಯುತ್ತದೋ ಭಾನುವಾರ ಟೇಪು ಹಿಡಿದು ನೋಡಬೇಕು.