ತಾವರೆ ಬೇರಿನ ಪೊಟ್ಟಣ

ಮಗ ಬೇರೆ ಮಂದಿಯ ಹುಡುಗಿಯನ್ನು ಮದುವೆಯಾದನೆಂದು ನಮ್ಮ ಅವ್ವ ಒಂದು ವರ್ಷ ನನ್ನ ಸೊಸೆಯೊಡನೆ ಮಾತಾಡಿರಲಿಲ್ಲ. ಹುಡುಗಿ ಉಲ್ಲಾಸನಗರದವಳು, 1947ರ ದೇಶವಿಭಜನೆಯ ಬಳಿಕ ಸಿಂಧದಿಂದ ಬಂದು ಅಲ್ಲಿ ನೆಲೆನಿಂತ ಮನೆತನ. ಕಳೆದ ಬೇಸಿಗೆಯಲ್ಲಿ ಮೊದಲ ಸಲ ತುಬಚಿಗೆ ಬಂದಳು. ಬರಿಗೈಯಲ್ಲಿ ಬರಬಾರದೆಂದು, ತವರಿನವರಿಗೆ ಬಲು ಪ್ರೀತಿಯ ತಾವರೆ ಬೇರು ತಂದಿದ್ದಳು. ಸಿಂಧಿಗಳಿಗೆ ಅದು ‘ಬೀಹ್’, ಕಾಶ್ಮೀರಿಗಳಿಗೆ ‘ನದ್ರು’. ಎರಡು ಪೊಟ್ಟಣ: ಒಂದರಲ್ಲಿ ಗಾಳಿ ತೆಗೆದು ಬಿಗಿದ ಹಸಿ ಬಿಲ್ಲೆಗಳು, ಇನ್ನೊಂದರಲ್ಲಿ ಒಣಗಿಸಿದವು.

ನಮಗೆ ಕಬ್ಬು ಗೊತ್ತು, ಜೋಳ ಗೊತ್ತು. ತಾವರೆಯೆಂದರೆ ಪಟದಲ್ಲಿ ಲಕ್ಷ್ಮಿ ಕುಳಿತ ಪೀಠ. ಅದರ ಬೇರಿಗೆ ಒಗ್ಗರಣೆ ಹಾಕುವುದೆಂದರೇನು! ಅವ್ವ ದೂರದಿಂದಲೇ ನೋಡಿ, “ಚಕ್ಕಡಿ ಗಾಲಿ ಇದ್ಹಂಗ ಅದಾವ” ಎಂದು ನನಗೆ ಹೇಳಿದಳು. ನಿಜ, ಬಿಲ್ಲೆಯ ತುಂಬ ತೂತು. ಕೆಸರಿನಲ್ಲಿ ಹೂತ ಬೇರಿಗೆ ಎಲೆಯಿಂದ ಗಾಳಿ ಇಳಿಯುವುದು ಈ ದಾರಿಯಿಂದಲೇ.

ಹಸಿಯ ಪೊಟ್ಟಣ ಫ್ರಿಜ್ಜಿಗೆ ಹೋಯಿತು. ಅಂದು ರಾತ್ರಿ ಹೋದ ಕರೆಂಟು ಬಂದದ್ದು ಮರುದಿನ ಸಂಜೆಗೆ. ತೆಗೆದರೆ ಪೊಟ್ಟಣ ಪೂರಿಯಂತೆ ಉಬ್ಬಿದೆ! ಚೆನ್ನಾಗಿ ಬೇಯಿಸಿದರೆ ನಡೆದೀತೆಂದೆ ನಾನು. ಉಬ್ಬಿದ ಪೊಟ್ಟಣದ ವಿಷ ಮೂಗಿಗೂ ತಿಳಿಯದು, ನಾಲಗೆಗೂ ತಿಳಿಯದು ಎಂದು ಸೊಸೆ ಒಪ್ಪಲಿಲ್ಲ. ದನ ಬಾಯಿ ಹಾಕದಂತೆ ಹಿತ್ತಿಲಲ್ಲಿ ತಗ್ಗು ತೋಡಿ ತಾನೇ ಹೂತು ಬಂದಳು. ಕಣ್ಣು ಒದ್ದೆಯಾಗಿದ್ದವು. ಅಷ್ಟು ದೂರದಿಂದ ಹೊತ್ತು ತಂದದ್ದಲ್ಲವೇ?

ಅವ್ವ ಎದ್ದು ಬಂದು ಒಣ ಬಿಲ್ಲೆಯೊಂದನ್ನು ಮುರಿದು ನೋಡಿದಳು. ಸಂಡಿಗೆ, ಬಾಳಕದ ಮೆಣಸಿನಕಾಯಿ, ದಿನಗಟ್ಟಲೆ ಕೆಡದ ಕಡಕ್ ರೊಟ್ಟಿ ಮಾಡಿದ ಕೈ. ಒಣಗಿಸುವ ವಿದ್ಯೆಯಲ್ಲಿ ಅವಳನ್ನು ಮೀರಿಸುವವರಿಲ್ಲ. ಬಿಲ್ಲೆ ಟಕ್ಕೆಂದು ಮುರಿಯಿತು. ಅವ್ವ ಬಿಸಿನೀರಿನ ಪಾತ್ರೆಯನ್ನು ಸೊಸೆಯತ್ತ ಸರಿಸಿದಳು, ಮಾತಿಲ್ಲ. ನೆನೆದ ಬೇರನ್ನು ಕುಕ್ಕರಿನಲ್ಲಿ ಆರು ಸೀಟಿ ಕೂಗಿಸಿ, ಬಟಾಟಿ ಕೂಡಿಸಿ ಸೊಸೆ ಪಲ್ಯ ಮಾಡಿದಳು. ನನಗೆ ರುಚಿ ತಿಳಿಯಲು ಎರಡನೆಯ ತುತ್ತು ಬೇಕಾಯಿತು. ಅವ್ವ ಮಾತ್ರ ಗುರೆಳ್ಳು ಹಿಂಡಿ ಉದುರಿಸಿಕೊಂಡು ತಾಟು ಖಾಲಿ ಮಾಡಿದಳು.

ಇಡೀ ಬೇರನ್ನು ಕೆಸರು ತೊಳೆಯದೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಕೆಲವು ದಿನ ತಡೆಯುತ್ತದೆಂದು ಊಟದ ನಡುವೆ ಸೊಸೆ ನನಗೆ ಹೇಳಿದ್ದಳು. ಹೊರಡುವ ದಿನ ಅವ್ವ ಬಾಗಿಲಿಗೆ ಬಂದು, ನನ್ನನ್ನು ಬಿಟ್ಟು ಅವಳನ್ನೇ ನೋಡಿ ಅಂದಳು:

“ಮುಂದಿನ ಸಲ ಬರೂಮುಂದ ಹೆಚ್ಚಿದ್ದು ತರಬ್ಯಾಡವಾ. ಕೆಸರು ಹತ್ತಿದ ಬೇರ ತಗೊಂಡು ಬಾ. ಮಾಳಿಗಿ ಮ್ಯಾಲ ನಾ ಒಣಗಸ್ತೀನಿ.”